ಇಳೀರಿ, ಬ್ರೇಕರ್ ಬಂತು!

ಶಹಾಬಾದಿನಿಂದ ಸೇಡಂವರೆಗಿನ ದಾರಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಓಡಬಲ್ಲ ಕಾರು ಯಾರದು ಎಂದು ಕೇಳಿದರೆ, ನಮ್ಮ ಸೋದರಮಾವನದು. ಎಲ್ಲಕ್ಕಿಂತ ನಿಧಾನವಾಗಿ ಓಡುವ ಕಾರು ಯಾರದು ಎಂದು ಕೇಳಿದರೆ, ಅದೂ ನಮ್ಮ ಸೋದರಮಾವನದೇ! ಹಾಗಾದರೆ ಅವರ ಹತ್ತಿರ ಎರಡು ಕಾರು ಇವೆಯೇ ಎಂದು ಕೇಳಬೇಡಿ. ಇರುವುದು ಒಂದೇ. ಆ ಒಂದನ್ನು ಸಂಭಾಳಿಸುವುದರಲ್ಲಿಯೇ ನಮ್ಮ ಅತ್ತೆಯ ಮೊಣಕಾಲು, ನನ್ನ ಬೆನ್ನು ಎರಡೂ ಸವೆದು ಹೋಗಿವೆ.

ಮಾವನಿಗೆ ಶಹಾಬಾದಿನಲ್ಲಿ ಫರ್ಸಿ ವ್ಯಾಪಾರ, ಅಂದರೆ ನೆಲಕ್ಕೆ ಹಾಸುವ ಕಲ್ಲಿನದು. ಕಲ್ಲನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿ ಕೊಟ್ಟು ಕೇಳಿ, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಈ ಚಟ ಕಲ್ಲಿಗೆ ಮಾತ್ರ ನಿಂತಿಲ್ಲ. ಕುಂಬಳಕಾಯಿ ಬಡಿಯುತ್ತಾರೆ, ಬಾಗಿಲು ಬಡಿಯುತ್ತಾರೆ, ಒಮ್ಮೆ ಹೆಣ್ಣು ನೋಡಲು ಬಂದವರ ಜೊತೆ ಬೀಗತನದ ಮಾತು ನಡೆದಾಗ ತಮ್ಮ ಮನೆಯದೇ ಗೋಡೆ ಬಡಿದು, "ಗ್ವಾಡಿ ಟೊಳ್ಳದ" ಎಂದು ಎಲ್ಲರೆದುರು ಹೇಳಿ ಅತ್ತೆಯ ಮಾನ ಕಳೆದಿದ್ದರು. ಬಾಯಲ್ಲಿ ಸದಾ ಎಲೆ ಅಡಿಕೆ. ಬಲಗೈ ಹೆಬ್ಬೆರಳಿಗೆ ಸದಾ ಸುಣ್ಣ. ನಾನು ಹುಟ್ಟಿದಾಗಿನಿಂದ ಆ ಬೆರಳಿನ ಖರೇ ಬಣ್ಣ ನೋಡಿಲ್ಲ! ಇನ್ನು ಚೌಕಾಸಿ. ಸಂತೆಯಲ್ಲಿ ಒಂದು ಸಿವುಡು ಕೊತ್ತಂಬರಿಗೆ ಅರ್ಧ ತಾಸು ನಿಲ್ಲುವ ಮನುಷ್ಯ. ಕೊನೆಗೆ ಮಾರುವವಳೇ ಸಾಕಾಗಿ, "ಹಂಗೇ ಒಯ್ರಿ ಯಪ್ಪಾ" ಅನ್ನಬೇಕು.

ಇಂಥವರ ಸೋದರಳಿಯ ನಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ವಾಡಿಯಲ್ಲಿ ಸುಣ್ಣಕಲ್ಲು ಹೊರುವ ಲಾರಿಗಳ ಕೆಳಗೆ ಹನ್ನೆರಡು ವರ್ಷ ಅಂಗಾತ ಮಲಗಿ ಕೆಲಸ ಕಲಿತವನು. ಆಮೇಲೆ ಸೇಡಂನಲ್ಲಿ, ಚಿಂಚೋಳಿ ರಸ್ತೆಯ ಮೇಲೆ, ಬಾಡಿಗೆ ಜಾಗದಲ್ಲಿ ನನ್ನದೇ ಒಂದು ತಗಡಿನ ಶೆಡ್ಡು ಹಾಕಿದೆ. ಬೋರ್ಡು ಬರೆಸಿದೆ. ಪೂಜೆ ಮಾಡಿದೆ. ಪೇಡೆ ಹಂಚಿದೆ. ಪೇಡೆ ತಿಂದವರು ಬಹಳ ಮಂದಿ. ಗಾಡಿ ತಂದವರು ಯಾರೂ ಇಲ್ಲ! ಲಾರಿಯವರು ವಾಡಿಯ ಹಳೆಯ ಮಿಸ್ತ್ರಿಗಳನ್ನು ಬಿಡಲಿಲ್ಲ. ಕಾರಿನವರು ಕಲಬುರಗಿಗೆ ಹೋಗುತ್ತಿದ್ದರು. ನನ್ನ ಹತ್ತಿರ ಬಂದವರು ಚಕ್ರಕ್ಕೆ ಗಾಳಿ ಹಾಕಿಸಿಕೊಂಡು, ಕಲಬುರಗಿಯ ದಾರಿ ಕೇಳಿ ಹೋಗುತ್ತಿದ್ದರು. ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಶಟರ್ ಎಳೆದು ವಾಡಿಯ ಹಳೆಯ ಮಾಲೀಕನ ಎದುರು ಮತ್ತೆ ಕೈಕಟ್ಟಿ ನಿಲ್ಲುವುದೊಂದೇ ಬಾಕಿ ಇತ್ತು.

ಆಗ ಒಂದು ದಿನ ಮಾವ ಬಸ್ಸಿನಲ್ಲಿ ಬಂದರು. ಕುಳಿತುಕೊಳ್ಳುವ ಮೊದಲು ನನ್ನ ಶಟರನ್ನು ಗೆಣ್ಣಿನಿಂದ ಎರಡು ಸಲ ಬಡಿದರು.

"ಅಳಿಯಾ, ಒಂದ್ ವರ್ಷದ ಬಾಡಿಗಿ ನಾ ಕೊಡ್ತೀನಿ. ನಿನಗ ಅನುಕೂಲ ಆದಾಗ ನೋಡಮು."

ನನಗೆ ಎಲ್ಲಿತ್ತೋ ಸಿಟ್ಟು! "ನನ್ನ ಕೈಕಾಲು ಗಟ್ಟಿ ಅವ ಮಾವಾ. ಕೆಲಸ ಇದ್ರ ಕೊಡ್ರಿ. ಸುಮ್ಮ ಕೊಡೂ ರೊಕ್ಕ ನನಗ ಬ್ಯಾಡ. ಇನ್ನೊಮ್ಮೆ ಈ ಮಾತು ಎತ್ತಿದ್ರ ನಿಮ್ಮ ಮನಿ ಹೊಸ್ತಿಲ ತುಳಿಯಂಗಿಲ್ಲ!"

ಮಾವ ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಮುಂದಿನ ಬಸ್ಸಿಗೆ ಹೋದರು. ಒಂದು ತಿಂಗಳು ಮಾತಿಲ್ಲ.

ನಮ್ಮ ಮಾವನಿಗೆ ಸಿಟ್ಟು ಬಂದರೆ ಬಯ್ಯುವುದಿಲ್ಲ, ಏನಾದರೂ ಕೊಂಡುಬಿಡುತ್ತಾರೆ. ಹಿಂದೊಮ್ಮೆ ಅತ್ತೆಯ ಜೊತೆ ಜಗಳವಾಡಿ ಎಮ್ಮೆ ಹೊಡೆದುಕೊಂಡು ಬಂದಿದ್ದರು. ಈ ಸಲ ನನ್ನ ಮೇಲಿನ ಸಿಟ್ಟಿಗೆ ಹೈದರಾಬಾದಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರು ತಂದರು. ಕೆಂಪು ಬಣ್ಣದ್ದು!

ಎಂಥ ಕಾರು ಅಂತೀರಿ? ಗಿಡ್ಡ ಕಾರು. ಹಿಂಬಾಗಿಲು ನೇರವಾಗಿ ಮೇಲಕ್ಕೆ ತೆರೆಯುತ್ತದೆ. ನೋಡಿದರೆ ತರಕಾರಿ ತರಲು ಹೊರಟ ಕಾರಿನ ಹಾಗೆ ಸಣ್ಣದು, ಬಾನೆಟ್ಟಿನ ಒಳಗೆ ಮಾತ್ರ ಪೈಲ್ವಾನನಂಥ ಇಂಜಿನ್ನು, ಅದಕ್ಕೆ ಗಾಳಿ ಊದಿ ಉಬ್ಬಿಸುವ ಟರ್ಬೊ. ಮೈ ನೆಲಕ್ಕೆ ತಾಗುವಷ್ಟು ಕೆಳಗೆ. ಟಯರುಗಳು ನಮ್ಮ ಕಡೆಯ ಕಟಕ ರೊಟ್ಟಿಯಷ್ಟು ತೆಳ್ಳಗೆ. ದೊಡ್ಡ ಊರಿನ ಉಳ್ಳವರ ಮಕ್ಕಳು ಇಂಥದ್ದನ್ನು ಹೊಸದಾಗಿ ಕೊಂಡು, ನಾಲ್ಕು ವರ್ಷ ಅದರ ಜೀವ ಹಿಂಡಿ, ಆಮೇಲೆ ಮೈಗೆ ಹೊಳಪು ಹಚ್ಚಿ ಮಾರುತ್ತಾರೆ. ಕೊಳ್ಳುವವರು ಯಾರು? ನಮ್ಮ ಮಾವನಂಥವರು.

"ಮಾವಾ, ತೊಗೊಳ್ಳೂ ಮುಂದ ಇಂಜಿನ್ ನೋಡಿದ್ರೇನು?"

"ಬಡಿದು ನೋಡೀನಿ. ಬಾನೆಟ್ ಬಡಿದೆ, ಬಾಗಿಲಾ ಬಡಿದೆ. ಸದ್ದು ಛಲೋ ಅದ."

ನಾನು ಬಾನೆಟ್ ಎತ್ತಿದೆ. ಲಾರಿಯ ಇಂಜಿನ್ನಿನಲ್ಲಿ ಮನುಷ್ಯ ಕುಳಿತು ಊಟ ಮಾಡಬಹುದು. ಇದರಲ್ಲಿ ಬೆರಳು ತೂರಿಸಲು ಜಾಗವಿಲ್ಲ! ಒಂದು ತಾಸು ಹುಡುಕಿದ ಮೇಲೆ ಗೊತ್ತಾಯಿತು. ಟರ್ಬೊ ಎಣ್ಣೆ ಕಾರುತ್ತಿತ್ತು. ಕ್ಲಚ್ಚು ಸವೆದು ಹಪ್ಪಳ. ಇಂಜಿನ್ನನ್ನು ಹಿಡಿದು ಕೂರಿಸುವ ರಬ್ಬರು ಹರಿದಿತ್ತು. ಎ.ಸಿ. ಹಾಕಿದರೆ ಬೇಸಿಗೆಯ ಗಾಳಿ ಬರುತ್ತಿತ್ತು.

"ಮಾವಾ, ನಿಮಗ ಮೋಸ ಮಾಡ್ಯಾರ."

"ಭಾಳ ಕೆಟ್ಟದೇನು?"

"ಭಾಳ ಅಂದ್ರ ಭಾಳ."

"ಖರೇ?" ಎಂದರು ಮಾವ. ಮಗಳು ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಕೇಳಿದವರ ಮುಖ ಹೇಗಿರುತ್ತದೆಯೋ ಹಾಗಿತ್ತು ಮುಖ. ಪಾಪ, ಆಘಾತಕ್ಕೆ ಹಾಗಾಗಿದೆ ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ! ಮೊದಲ ತಕರಾರು ರಸ್ತೆಯ ಬ್ರೇಕರುಗಳದು. ನಮ್ಮ ಕಡೆ ಊರಿಗೆ ಮೂರು ಬ್ರೇಕರು, ಶಾಲೆಗೆ ಎರಡು, ಗುಡಿಗೊಂದು, ದರ್ಗಾಕ್ಕೊಂದು. ಯಾವ ಅಳತೆಯೂ ಇಲ್ಲ. ಕೆಲವಂತೂ ಬ್ರೇಕರು ಅಲ್ಲ, ಸಮಾಧಿ. ಕಾರಿನಲ್ಲಿ ನಾಲ್ಕು ಜನ ಕುಳಿತರೆ ಹೊಟ್ಟೆ ಅದಕ್ಕೆ ಉಜ್ಜಿ 'ಖರ್ರ್' ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಮಾವನಿಗೆ ತಮ್ಮ ಬೆನ್ನನ್ನೇ ಯಾರೋ ಕೆರೆದಂತೆ. ಅದಕ್ಕೆ ಅವರು ಕಂಡುಹಿಡಿದ ಉಪಾಯ ಸರಳ. ಬ್ರೇಕರು ಬಂದರೆ ಎಲ್ಲರೂ ಇಳಿಯಬೇಕು! ಹಗುರಾದ ಕಾರನ್ನು ಮಾವ ಓರೆಯಾಗಿ ದಾಟಿಸಬೇಕು. ಆಮೇಲೆ ಎಲ್ಲರೂ ನಡೆದು ಹೋಗಿ ಮತ್ತೆ ಹತ್ತಬೇಕು.

ಒಮ್ಮೆ ಅತ್ತೆಯನ್ನೂ ಅವರ ಇಬ್ಬರು ತಂಗಿಯರನ್ನೂ ಚಿತ್ತಾಪುರಕ್ಕೆ ಮದುವೆಗೆ ಕರೆದುಕೊಂಡು ಹೊರಟರು. ರೇಷ್ಮೆ ಸೀರೆ, ಮೈತುಂಬ ಬಂಗಾರ, ಕೈಯಲ್ಲಿ ಮದುವೆಗೆ ಕೊಡುವ ಆಯೇರಿಯ ಚೀಲ. "ಇಳೀರಿ, ಬ್ರೇಕರ್ ಬಂತು!" ಇಳಿದರು. "ಹತ್ತರಿ!" ಹತ್ತಿದರು. ವಾಡಿ ದಾಟುವಷ್ಟರಲ್ಲಿ ಹನ್ನೊಂದು ಸಲ. ಒಂದು ಹಳ್ಳಿಯಲ್ಲಂತೂ ಮುಂದೆ ಕೆಂಪು ಕಾರು ಮೆಲ್ಲಗೆ, ಹಿಂದೆ ಮೂವರು ಹೆಂಗಸರು ಮೆರವಣಿಗೆಯಂತೆ ಹೋಗುವುದನ್ನು ನೋಡಿ, ಕಟ್ಟೆಯ ಮೇಲಿನ ಮುದುಕನೊಬ್ಬ ಎದ್ದು ಕೈಮುಗಿದನಂತೆ. ಒಳಗೆ ಯಾವ ದೇವರಿದೆಯೋ ಎಂದು!

ಮದುವೆ ಮನೆಯಲ್ಲಿ ಯಾರೋ ಕೇಳಿದರು, "ಹೆಂಗ ಬಂದ್ರಿ? ಕಾರಿನಾಗೇನು?"

ಅತ್ತೆ ಚಪ್ಪಲಿ ಕಳೆದು ಅಂಗಾಲು ಒತ್ತಿಕೊಳ್ಳುತ್ತ ಹೇಳಿದರು, "ಇಲ್ಲವಾ, ನಾವು ನಡಕೊಂಡೇ ಬಂದ್ವಿ. ಕಾರು ನಮ್ಮ ಜೋಡಿ ಬಂತು."

ಎರಡನೆಯದು ಪೆಟ್ರೋಲು. ಇಂಥ ಇಂಜಿನ್ನಿಗೆ ಸಾದಾ ಪೆಟ್ರೋಲು ಸರಿಬರುವುದಿಲ್ಲ, ದುಬಾರಿಯದೇ ಹಾಕಬೇಕು ಎಂದು ಹೈದರಾಬಾದಿನ ಒಬ್ಬ ಮಿಸ್ತ್ರಿ ನನಗೆ ಫೋನಿನಲ್ಲಿ ಹೇಳಿದ್ದ. ಅದನ್ನು ಮಾವನಿಗೆ ಹೇಳಿದ್ದೇ ನನ್ನ ತಪ್ಪು. ಶಹಾಬಾದಿನ ಬಂಕಿನಲ್ಲಿ ಅದು ಸಿಗಲಿಲ್ಲ. ಸರಿ, ಕಲಬುರಗಿಗೆ ಹೋಗಿ ಟಾಕಿ ತುಂಬಿಸಿಕೊಂಡು ಬಂದರು. ಮನೆಗೆ ಬರುವಷ್ಟರಲ್ಲಿ ಅದರಲ್ಲಿ ಒಂದು ಪಾಲು ಖರ್ಚು. ಆ ಒಂದು ಪಾಲು ತುಂಬಿಸಲು ಮತ್ತೆ ಕಲಬುರಗಿಗೆ! ಒಂದು ವಾರ ಕಾರು ಪೆಟ್ರೋಲು ತರುವ ಕೆಲಸ ಬಿಟ್ಟು ಬೇರೇನೂ ಮಾಡಲಿಲ್ಲ. "ಮಾವಾ, ಇದು ಏನು ಲೆಕ್ಕ?" ಎಂದರೆ, "ಗಾಡಿ ಓಡಬೇಕಲ್ಲ, ಓಡಾಕತ್ತದ. ನಿನಗೇನು ತ್ರಾಸು?" ಎಂದರು. ಕೊತ್ತಂಬರಿಗೆ ಅರ್ಧ ತಾಸು ನಿಲ್ಲುವ ಮನುಷ್ಯ!

ಇನ್ನು ಡ್ರೈವರಿನ ಮುಂದಿನ ಹಲಗೆಯ ಮೇಲೆ ಒಂದು ಹಳದಿ ದೀಪ. ಇಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಹೇಳುವ ದೀಪ ಅದು. ಕಾರು ಬಂದ ದಿನದಿಂದ ಅದು ಆರಿದ್ದೇ ಇಲ್ಲ. ಅತ್ತೆ ಅದನ್ನು ನಂದಾದೀಪವೆಂದೇ ತಿಳಿದಿದ್ದರು. ಕಾರು ಹತ್ತಿದ ಕೂಡಲೇ ಅದಕ್ಕೆ ಕೈಮುಗಿದು ಸೀಟಿನಲ್ಲಿ ಸರಿಯಾಗಿ ಕೂಡುತ್ತಿದ್ದರು. ನಾನು ಎರಡು ವಾರ ಒದ್ದಾಡಿ, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡು, ಇಂಗ್ಲಿಷಿನ ಶಬ್ದಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ಬಾಯಿಪಾಠ ಮಾಡಿ, ಕೊನೆಗೂ ಆ ದೀಪ ಆರಿಸಿದೆ. ಏಳನೇ ಇಯತ್ತೆಯವನು ಆರಿಸಿದೆ ಸ್ವಾಮಿ! ಎದೆಯುಬ್ಬಿಸಿ ಅತ್ತೆಯನ್ನು ಕರೆದು ತೋರಿಸಿದೆ.

ಅತ್ತೆಯ ಮುಖ ಬಾಡಿತು. "ಅಯ್ಯ, ದೀಪ ಕಳದ್ಯೇನೊ? ಛಲೋ ಉರಿಯಾಕತ್ತಿತ್ತಲ್ಲೊ!"

ಎಲ್ಲಕ್ಕಿಂತ ದೊಡ್ಡ ತಮಾಷೆ ಬೇರೆ. ಮಾವ ಮೂವತ್ತರ ಮೇಲೆ ಕಾರು ಓಡಿಸುವುದಿಲ್ಲ. ಎಡಗಾಲು ಸದಾ ಕ್ಲಚ್ಚಿನ ಮೇಲೆ. ಹೊಸ ಕ್ಲಚ್ಚು ಹಾಕಿದೆ, ಅದನ್ನೂ ತಿಂದರು. ಹೈದರಾಬಾದಿನ ಮಿಸ್ತ್ರಿ ಫೋನಿನಲ್ಲಿ ಕೂಗಾಡಿದ, ಇಂಥ ಇಂಜಿನ್ನನ್ನು ಮೆಲ್ಲಗೆ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ, ವಾರಕ್ಕೊಮ್ಮೆಯಾದರೂ ಜೋರಾಗಿ ಓಡಿಸಿರಿ ಎಂದು. ಸರಿ, ಒಂದು ಮಧ್ಯಾಹ್ನ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಳಖೇಡದ ಕಡೆ ಹೊರಟೆ. ರಸ್ತೆ ಖಾಲಿ ಕಂಡಾಗ ಒತ್ತಿದೆ. ಟರ್ಬೊ ಸುಯ್ಯೆಂದಿತು. ಬೆನ್ನು ಸೀಟಿಗೆ ಅಂಟಿತು. ಹಾ! ಆ ಸುಖವನ್ನು ಏನೆಂದು ಹೇಳಲಿ! ಪಕ್ಕಕ್ಕೆ ನೋಡಿದರೆ ಮಾವ ಎರಡೂ ಕಣ್ಣು ಮುಚ್ಚಿ, ಎಲೆ ಅಗಿಯುವುದನ್ನೂ ನಿಲ್ಲಿಸಿ, ಬಾಗಿಲ ಹಿಡಿಕೆಯನ್ನು ತಬ್ಬಿಕೊಂಡಿದ್ದರು.

"ಮುಗೀತೇನು?"

"ಈಗ ಶುರು ಆಗ್ಯಾದ ಮಾವಾ."

"ಹಂಗಾದ್ರ ನನ್ನ ಇಳಸು."

ಮಳಖೇಡದಲ್ಲಿ ಇಳಿದರು. ಎಷ್ಟು ಕರೆದರೂ ಮತ್ತೆ ಹತ್ತಲಿಲ್ಲ. ತಮ್ಮ ಕಾರನ್ನು ನನ್ನ ಹತ್ತಿರ ಬಿಟ್ಟು, ಟಿಕೆಟು ತೆಗೆಸಿ, ಬಸ್ಸಿನಲ್ಲಿ ನಿಂತುಕೊಂಡು ಸೇಡಂಗೆ ಬಂದರು!

ನೀವೇ ಹೇಳಿ, ಜೋರಾಗಿ ಓಡಿಸಲು ಹೆದರುವವನಿಗೆ ಇಂಥ ಕಾರು ಯಾಕೆ ಬೇಕು? ನಾನು ನೂರು ಸಲ ಕೇಳಿದ್ದೇನೆ. "ಮಾರಿಬಿಡ್ರಿ ಮಾವಾ. ಸಾದಾ ಗಾಡಿ ತೊಗೊಳ್ರಿ." ಅದಕ್ಕೆ ಅವರ ಉತ್ತರ ಒಂದೇ. "ಸಾದಾ ಗಾಡಿ ಯಾರ್ ಬೇಕಾದ್ರೂ ರಿಪೇರಿ ಮಾಡ್ತಾರ."

ಕಾರು ಕೆಟ್ಟಾಗಲೆಲ್ಲ ಅದನ್ನು ಶೆಡ್ಡಿನೊಳಗೆ ಬಿಡಗೊಡುತ್ತಿರಲಿಲ್ಲ. ರಸ್ತೆಗೆ ಮುಖ ಮಾಡಿ, ಬಾನೆಟ್ ಎತ್ತಿ ನಿಲ್ಲಿಸಬೇಕು. ಪಕ್ಕದಲ್ಲಿ ಸ್ಟೂಲು ಹಾಕಿ ತಾವು ಕೂಡಬೇಕು. ನನಗೆ ಸಿಟ್ಟೋ ಸಿಟ್ಟು. "ಮಾವಾ, ಒಂದೇ ಗಾಡಿ ವಾರಗಟ್ಟಲೆ ನಿಂತ್ರ ನೋಡಿದವ್ರು ಏನಂತಾರ? ಈ ಮಿಸ್ತ್ರಿಗೆ ಕೆಲಸ ಬರಂಗಿಲ್ಲ ಅಂತಾರ!" ಮಾವನಿಗೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಮೂಗು ತಾಗುವಷ್ಟು ಬಗ್ಗಿಸಿ ಇಂಜಿನ್ನು ತೋರಿಸುತ್ತಿದ್ದರು. ಆಡಕಿಯ ಸಂತೆಗೆ ಹೊರಟ ಕುರಿ ವ್ಯಾಪಾರಿಗೂ ಟರ್ಬೊ ಅಂದರೇನೆಂದು ಪಾಠ ಆಗಿದೆ.

ವಿಚಿತ್ರವೆಂದರೆ, ಜನ ಬರತೊಡಗಿದರು. "ಆ ಕೆಂಪು ಕಾರು ರಿಪೇರಿ ಮಾಡ್ತಾನಲ್ಲ, ಅಂವ ಎಲ್ಲಿ?" ಎಂದು ಕೇಳಿಕೊಂಡು ಚಿಂಚೋಳಿಯಿಂದ ಒಬ್ಬ ಡಾಕ್ಟರು ಬಂದರು. ಸಿಮೆಂಟ್ ಕಾರ್ಖಾನೆಯ ಒಬ್ಬ ಇಂಜಿನಿಯರು ಬಂದರು. ದೀಪಾವಳಿ ಬಂತು, ಹೋಯಿತು. ನನ್ನ ಶಟರು ತೆರೆದೇ ಇತ್ತು. ಎಲ್ಲವೂ ನನ್ನ ಕೈಗುಣ ಎಂದು ನಾನು ಬೀಗಿದ್ದೇ ಬೀಗಿದ್ದು. ಇನ್ನೊಂದು ಬೀಗುವ ಸಂಗತಿ ಇತ್ತು. ಮಾವ ನನ್ನ ಬಿಲ್ಲಿನಲ್ಲಿ ಮಾತ್ರ ಯಾವತ್ತೂ ಚೌಕಾಸಿ ಮಾಡಲಿಲ್ಲ. ನನ್ನ ಕೆಲಸ ನೋಡಿ ಅವರ ಬಾಯಿಯೇ ಕಟ್ಟಿಹೋಗಿದೆ ಎಂದು ತಿಳಿದಿದ್ದೆ!

ಎರಡನೇ ವರ್ಷದ ಹೊತ್ತಿಗೆ ಆ ಕಾರಿನಲ್ಲಿ ನಾನು ಬಿಚ್ಚಿ ಜೋಡಿಸದ ಒಂದೂ ಭಾಗ ಉಳಿದಿರಲಿಲ್ಲ. ಇನ್ನು ಕೆಡುವುದಕ್ಕೆ ಏನೂ ಇಲ್ಲ ಎಂದು ಎಲ್ಲರೆದುರು ಸಾರಿದೆ. ಸಾರಿದ ಎಂಟೇ ದಿನಕ್ಕೆ ಇಂಜಿನ್ನಿನ ಎಳೆತ ಹೋಯಿತು. ಕಾಗಿಣಾ ಸೇತುವೆಯ ಮೇಲೆ ತೊಗರಿ ಚೀಲ ಹೊತ್ತ ಟ್ರ್ಯಾಕ್ಟರ್ ಮಾವನನ್ನು ಹಿಂದೆ ಹಾಕಿತಂತೆ. ಅದರ ಡ್ರೈವರು ಬಗ್ಗಿ ನೋಡಿ, "ಸಾವಕಾರ್ರ, ಹಗ್ಗ ಕಟ್ಟಿ ಜಗ್ಗಲೇನ್ರಿ?" ಎಂದನಂತೆ. ನೋಡಿದರೆ ಟರ್ಬೊದಿಂದ ಗಾಳಿ ಒಯ್ಯುವ ಕೊಳವೆಯ ಪಟ್ಟಿ ಸಡಿಲು. ಬಿಗಿದೆ. ಮುಂದಿನ ತಿಂಗಳು ಒಂದು ವೈರಿನ ತುದಿ ಕಳಚಿತ್ತು. ಸಿಕ್ಕಿಸಿದೆ. ಅದರ ಮುಂದಿನ ತಿಂಗಳು ಮತ್ತೆ ಅದೇ ಪಟ್ಟಿ!

ಬೇರೆಯವರು ನಗಬಹುದು. ನನಗೆ ಊಟ ಸೇರಲಿಲ್ಲ. ನಾನು ಬಿಗಿದ ನಟ್ಟು ಸಡಿಲಾಗುವುದೆಂದರೇನು? ವಾಡಿಯಲ್ಲಿ ಹನ್ನೆರಡು ವರ್ಷ ಕಲಿತಿದ್ದು ಇದೇ ಏನು? ಡಾಕ್ಟರ ಕಾರಿನ ನಟ್ಟೂ ಹೀಗೇ ಸಡಿಲಾದರೆ ಗತಿಯೇನು? ಬೇರೆ ಗಾಡಿಗಳನ್ನು ಕೊಡುವ ಮೊದಲು ಒಂದೊಂದು ನಟ್ಟನ್ನೂ ಮೂರು ಮೂರು ಸಲ ಮುಟ್ಟಿ ನೋಡುವ ಹಾಗಾಯಿತು.

ಆಷಾಢ ಬಂತು. ಮದುವೆ ಇಲ್ಲ, ಓಡಾಟ ಇಲ್ಲ, ಮೂರು ದಿನದಿಂದ ಶೆಡ್ಡಿನಲ್ಲಿ ಒಂದೂ ಗಾಡಿ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೆಂಪು ಕಾರು ಕುಂಟುತ್ತ ಬಂತು. "ಮತ್ತ ಎಳೆತ ಹೋತು ಅಳಿಯಾ!" ಎಂದು ಮಾವ ಸ್ಟೂಲು ಹಾಕಿಕೊಂಡರು.

ಬಾನೆಟ್ ಎತ್ತಿ ಕೈ ಒಳಗೆ ಹಾಕಿದೆ. ಅದೇ ಪಟ್ಟಿ, ಸಡಿಲು. ಕೊಳವೆಯ ಕರಿ ರಬ್ಬರಿನ ಮೇಲೆ ಏನೋ ಬೆಳ್ಳಗೆ. ಸಿಮೆಂಟಿನ ಧೂಳು, ನಮ್ಮ ಕಡೆ ಅದೇನು ಅಪರೂಪವೇ, ಎಂದು ಒರೆಸಲು ಹೋದೆ. ಧೂಳಲ್ಲ. ಬೆರಳು. ಗೆರೆ ಗೆರೆಯಾಗಿ, ಕಾಗದದ ಮೇಲೆ ಒತ್ತಿದಷ್ಟು ಸ್ಪಷ್ಟವಾಗಿ, ಹೆಬ್ಬೆರಳಿನ ಗುರುತು. ಸುಣ್ಣದ್ದು!

ನನಗೆ ಒಂದೊಂದಾಗಿ ಹೊಳೆಯತೊಡಗಿತು. ವೈರಿನ ತುದಿ. ಪಟ್ಟಿ. ಮತ್ತೆ ಪಟ್ಟಿ. ಶೆಡ್ಡು ಖಾಲಿ ಬಿದ್ದಾಗಲೇ ಕೆಡುವ ಕಾರು. ಕಲಬುರಗಿಯ ಪೆಟ್ರೋಲು. ರಸ್ತೆಗೆ ಮುಖ ಮಾಡಿದ ಬಾನೆಟ್ಟು. ಚೌಕಾಸಿ ಇಲ್ಲದ ಬಿಲ್ಲು. ಬಡಿದು ನೋಡಿ ಕಲ್ಲಿನೊಳಗಿನ ಬಿರುಕು ಹೇಳುವ ಮನುಷ್ಯ ಹೈದರಾಬಾದಿನಲ್ಲಿ ಅಷ್ಟು ಸುಲಭವಾಗಿ ಮೋಸ ಹೋಗಿದ್ದನೇ?

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಬೇಡವೆಂದರೂ ದಾನ ಕೊಟ್ಟನಲ್ಲ! ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದೇ ಹೊರಗೆ ಬಂದೆ. ಇವತ್ತು ಇತ್ಯರ್ಥ ಆಗಿಬಿಡಲಿ ಎಂದು ಬಂದೆ.

ಮಾವ ನನಗೆ ಬೆನ್ನು ಮಾಡಿ ಕುಳಿತಿದ್ದರು. ರಸ್ತೆ ಬದಿ ಬಿಳಿ ಕಾರು ನಿಲ್ಲಿಸಿದ ಯಾರೋ ಅಪರಿಚಿತನಿಗೆ ಹೇಳುತ್ತಿದ್ದರು.

"ಇಂಥಾ ಗಾಡಿ ಹೈದರಾಬಾದದಾಗೂ ಎಲ್ಲಾರೂ ಮುಟ್ಟಂಗಿಲ್ರಿ. ನಮ್ಮ ಅಳಿಯ ಕಣ್ಣು ಮುಚ್ಚಿ ಬಿಚ್ಚತಾನ. ಸಾಲಿ ಕಲ್ತಿಲ್ಲ, ಖರೇ. ಆದ್ರ ಕೈ ಅದಲ್ರಿ ಅವಂದು... ನಾ ಭಾಳ ಕಲ್ಲು ಬಡಿದೀನಿ. ಇಷ್ಟು ಗಟ್ಟಿ ಕಲ್ಲು ನಾ ನೋಡಿಲ್ರಿ."

ಪಾನಾ ಕೈಯಲ್ಲೇ ಉಳಿಯಿತು. 'ಕೆಲಸ ಇದ್ರ ಕೊಡ್ರಿ' ಎಂದು ಕೂಗಿದವನು ನಾನೇ ಅಲ್ಲವೇ? ಮಾವ ಕೊಟ್ಟದ್ದೂ ಕೆಲಸವನ್ನೇ. ಎರಡು ವರ್ಷ, ಹೆದರುತ್ತ, ಇಂಥ ಕಾರಿನಲ್ಲಿ ಕುಳಿತು.

ಮಾವ ತಿರುಗಿದರು. "ಏನಾಗ್ಯದೊ?"

"ಭಾಳ ಕಠಿಣ ಕೆಲಸ ಅದ ಮಾವಾ. ಸಂಜೀತನಕ ಕುಂದ್ರಬೇಕಾಗ್ತದ."

"ಖರೇ?" ಅದೇ ಪರೀಕ್ಷೆ ಪಾಸಾದ ಮುಖ. "ಕುಂದ್ರತೀನಿ. ನನಗೇನು ಗಡಿಬಿಡಿ?"

ಎರಡು ನಿಮಿಷದ ಕೆಲಸವನ್ನು ಸಂಜೆಯವರೆಗೆ ಮಾಡಿದೆ. ಬಿಚ್ಚಬೇಕಾಗಿಲ್ಲದ್ದನ್ನೆಲ್ಲ ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ಬಿಲ್ಲನ್ನೂ ಬರೆದೆ. ಮಾವ ಚೌಕಾಸಿ ಮಾಡಲಿಲ್ಲ. ಕಾರು ಕೊಡುವಾಗ ಒಂದು ಹಸಿ ಬಟ್ಟೆ ಮುಂದೆ ಹಿಡಿದು, "ಬೆರಳು ಒರೆಸ್ಕೊಳ್ರಿ ಮಾವಾ, ಸುಣ್ಣ ಹತ್ತ್ಯದ" ಎಂದೆ. ಮಾವ ಹೆಬ್ಬೆರಳು ನೋಡಿಕೊಂಡರು. ಬಾನೆಟ್ಟಿನ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

"ನಿಮ್ಮ ಅತ್ತಿ ಇವತ್ತ ಸುಣ್ಣ ತೆಳ್ಳಗ ಕಲಸ್ಯಾಳ," ಎಂದು ಕಾರು ಹತ್ತಿದರು.

ನನ್ನ ಶೆಡ್ಡಿನ ಎದುರಿಗೇ ಒಂದು ಬ್ರೇಕರಿದೆ. ಒಬ್ಬರೇ ಇದ್ದಾಗಲೂ ಅದರ ಮೇಲೆ ಮಾವನಿಗೆ ನಂಬಿಕೆಯಿಲ್ಲ. ಯಾವಾಗಲೂ ಅಲ್ಲಿ ನಿಲ್ಲಿಸಿ, "ಅಳಿಯಾ, ತಳ ಹತ್ತತದೇನು ನೋಡು!" ಎಂದು ಕೂಗುತ್ತಾರೆ. ನಾನು ಗೊಣಗುತ್ತ ಹೋಗಿ ಬಗ್ಗುತ್ತೇನೆ. ಅವತ್ತು ಕೂಗುವ ಮೊದಲೇ ಹೋದೆ. ಕಾರಿನ ನೆತ್ತಿಯ ಮೇಲೆ ಕೈಯಿಟ್ಟು, ಅದರ ಪಕ್ಕಕ್ಕೆ ಹೆಜ್ಜೆ ಹಾಕಿದೆ. ಬ್ರೇಕರು ದಾಟಿತು, ತಳ ತಾಗಲಿಲ್ಲ. ಆದರೂ ಇನ್ನಷ್ಟು ದೂರ ಹಾಗೆಯೇ ನಡೆದೆ. ಮಾವನ ವೇಗಕ್ಕೆ ನಡೆಯುವುದೇನೂ ಕಷ್ಟವಲ್ಲ.

ಮಾವ ಗಾಜು ಇಳಿಸಿದರು.

"ಸಾಕು, ಹೊಳ್ಳಿ ಹೋಗು ಅಳಿಯಾ. ಗಿರಾಕಿ ಕಾಯಾಕತ್ತಾರ."

ತಿರುಗಿ ನೋಡಿದೆ. ಬೆಳಗಿನ ಆ ಬಿಳಿ ಕಾರು ಮತ್ತೆ ಬಂದು ನನ್ನ ಶೆಡ್ಡಿನ ಮುಂದೆ ನಿಂತಿತ್ತು.